ವಾದ್ಯಗಳ ನಾಲ್ಕು ಮನೆತನಗಳು

ನಾದವೆಲ್ಲ ಹುಟ್ಟುವುದು ಯಾವುದಾದರೂ ಒಂದು ವಸ್ತುವಿನ ನಡುಕದಿಂದ. ಆ ನಡುಕ ಸುತ್ತಲಿನ ಗಾಳಿಗೆ ದಾಟಿ, ಅಲೆಯಾಗಿ ಹರಡಿ, ಕಿವಿಯ ತಮಟೆಯನ್ನು ತಟ್ಟಿದಾಗ ಧ್ವನಿ ಕೇಳಿಸುತ್ತದೆ. ವೀಣೆಯಲ್ಲಿ ನಡುಗುವುದು ತಂತಿ, ಡೊಳ್ಳಿನಲ್ಲಿ ಚರ್ಮ, ಕೊಳಲಿನಲ್ಲಿ ಬಿದಿರಿನೊಳಗಿನ ಗಾಳಿ. ತಾಳದಲ್ಲಾದರೆ ಬೇರೇನೂ ಇಲ್ಲ, ಕಂಚಿನ ಮೈಯೇ ನಡುಗಬೇಕು. ವಿದ್ಯುತ್ತಿನಿಂದ ದನಿ ಹುಟ್ಟಿಸುವ ಇತ್ತೀಚಿನ ಉಪಕರಣಗಳನ್ನು ಬಿಟ್ಟರೆ, ಮನುಷ್ಯ ಇದುವರೆಗೆ ಮಾಡಿಕೊಂಡ ವಾದ್ಯಗಳೆಲ್ಲ ಈ ನಾಲ್ಕು ಬಗೆಯೊಳಗೇ ಅಡಗುತ್ತವೆ. ಒಂದು ವಾದ್ಯದ ಮನೆತನ ತಿಳಿಯಬೇಕಾದರೆ ಅದರ ಆಕಾರವನ್ನೋ ನುಡಿಸುವ ಬಗೆಯನ್ನೋ ನೋಡಿ ಪ್ರಯೋಜನವಿಲ್ಲ. ಮೊದಲು ನಡುಗುವುದು ಯಾವುದು ಎಂದು ಕೇಳಬೇಕು.

ಈ ಪ್ರಶ್ನೆಯನ್ನು ಹಿಡಿದು ವಾದ್ಯಗಳನ್ನು ವಿಂಗಡಿಸಿದ ಅತಿ ಹಳೆಯ ಗ್ರಂಥಗಳಲ್ಲಿ ಭರತನ ನಾಟ್ಯಶಾಸ್ತ್ರ ಮುಖ್ಯವಾದದ್ದು. ಸುಮಾರು 2000 ವರ್ಷ ಹಿಂದಿನದೆಂದು ಎಣಿಸಲಾಗುವ ಈ ಗ್ರಂಥದ 28ನೆಯ ಅಧ್ಯಾಯ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ಹೇಳುತ್ತದೆ. ತಂತಿ ಬಿಗಿದದ್ದು ತತ, ಚರ್ಮ ಹೊದಿಸಿದ್ದು ಅವನದ್ಧ, ಗಟ್ಟಿಯಾದ ಮೈಯೇ ದನಿ ಕೊಡುವುದು ಘನ, ಟೊಳ್ಳಿನೊಳಗೆ ಗಾಳಿ ಆಡುವುದು ಸುಷಿರ. ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ 13ನೆಯ ಶತಮಾನದಲ್ಲಿ ಸಂಗೀತ ರತ್ನಾಕರವನ್ನು ಬರೆದಾಗಲೂ ಅದರ ಆರನೆಯದಾದ ವಾದ್ಯಾಧ್ಯಾಯಕ್ಕೆ ಇದೇ ಚೌಕಟ್ಟನ್ನು ಇಟ್ಟುಕೊಂಡ.

ಬೇರೆ ನಾಡುಗಳು ಬೇರೆ ದಾರಿ ಹಿಡಿದಿದ್ದವು. ಪ್ರಾಚೀನ ಚೀನಿಯರು ವಾದ್ಯ ಯಾವ ವಸ್ತುವಿನಿಂದ ಆಗಿದೆ ಎಂಬುದನ್ನು ನೋಡಿ ಎಂಟು ಗುಂಪು ಮಾಡಿದರು: ಲೋಹ, ಕಲ್ಲು, ರೇಷ್ಮೆ, ಬಿದಿರು, ಸೋರೆಬುರುಡೆ, ಮಣ್ಣು, ಚರ್ಮ, ಮರ. ಯುರೋಪಿನ ಆರ್ಕೆಸ್ಟ್ರಾದಲ್ಲಿ ತಂತಿ, ಮರದ ಊದುವಾದ್ಯ, ಹಿತ್ತಾಳೆಯ ಊದುವಾದ್ಯ, ಬಡಿಯುವ ವಾದ್ಯ ಎಂಬ ವಿಂಗಡಣೆ ಬಂತು. ಅದು ವಾದಕರನ್ನು ಸಾಲಾಗಿ ಕೂರಿಸುವುದಕ್ಕೆ ಅನುಕೂಲ, ಸರಿ. ಆದರೆ ಅಲ್ಲಿ ಬೆಳ್ಳಿಯ ಕೊಳಲನ್ನೂ ಹಿತ್ತಾಳೆಯ ಸ್ಯಾಕ್ಸೊಫೋನನ್ನೂ ಮರದ ವಾದ್ಯವೆಂದೇ ಕರೆಯಬೇಕಾಗುತ್ತದೆ. ಮದ್ದಳೆಯಂಥ ಚರ್ಮವಾದ್ಯ, ಗಂಟೆಯಂಥ ಲೋಹವಾದ್ಯ ಎರಡೂ ಬಡಿಯುವವು ಎಂಬ ಒಂದೇ ಕಾರಣಕ್ಕೆ ಒಂದೇ ಸಾಲಿಗೆ ಬರುತ್ತವೆ. ವಸ್ತು ಬದಲಾಗಬಹುದು, ನುಡಿಸುವ ಕ್ರಮವೂ ಬದಲಾಗಬಹುದು. ನಡುಗುವ ಭಾಗ ಬದಲಾದರೆ ಮಾತ್ರ ವಾದ್ಯವೇ ಬೇರೆಯಾಗುತ್ತದೆ. ಹೀಗಾಗಿ ಭರತನ ವಿಂಗಡಣೆಯನ್ನು ಇಂಥ ತೊಡಕುಗಳು ಕಾಡುವುದಿಲ್ಲ.

ಈ ವಿಂಗಡಣೆ ಯುರೋಪನ್ನು ಮುಟ್ಟಿದ್ದು ಕಲ್ಕತ್ತೆಯ ಮೂಲಕ. ಸಂಗೀತ ವಿದ್ವಾಂಸ ಶೌರೀಂದ್ರ ಮೋಹನ ಟ್ಯಾಗೋರ್ 1876ರಲ್ಲಿ ಬೆಲ್ಜಿಯಂ ದೊರೆ ಎರಡನೆಯ ಲಿಯೊಪೋಲ್ಡನಿಗೆ ಭಾರತದ ವಾದ್ಯಗಳ ದೊಡ್ಡ ಸಂಗ್ರಹವೊಂದನ್ನು ಕಾಣಿಕೆಯಾಗಿ ಕಳಿಸಿದರು. ಅದು ಬ್ರಸೆಲ್ಸಿನ ಸಂಗೀತಶಾಲೆಯ ಸಂಗ್ರಹಾಲಯಕ್ಕೆ ಸೇರಿತು. ಅಲ್ಲಿನ ಮೇಲ್ವಿಚಾರಕ ವಿಕ್ಟರ್ ಮಾಯೋಂ 1880ರಲ್ಲಿ ಪ್ರಕಟಿಸಿದ ವಾದ್ಯಪಟ್ಟಿಯಲ್ಲಿ ನಾಲ್ಕೇ ವರ್ಗಗಳಿದ್ದವು. ಅವು ನಾಟ್ಯಶಾಸ್ತ್ರದ ನಾಲ್ಕಕ್ಕೆ ಸರಿಯಾಗಿ ಹೊಂದುತ್ತವೆ. ಅದನ್ನೇ ತಿದ್ದಿ ಬೆಳೆಸಿ ಎರಿಕ್ ಫಾನ್ ಹಾರ್ನ್‌ಬೋಸ್ಟೆಲ್ ಮತ್ತು ಕರ್ಟ್ ಸಾಕ್ಸ್ 1914ರಲ್ಲಿ ಬರ್ಲಿನ್ನಿನಲ್ಲಿ ಒಂದು ಪದ್ಧತಿಯನ್ನು ಪ್ರಕಟಿಸಿದರು. ಗ್ರಂಥಾಲಯದ ಪುಸ್ತಕಗಳಿಗೆ ಇರುವಂತೆ ಅದರಲ್ಲಿ ವಾದ್ಯಗಳಿಗೂ ದಶಾಂಶ ಸಂಖ್ಯೆಗಳಿವೆ: ಪಿಟೀಲಿನದು 321.322-71. ಕೊನೆಯ 71 ಅದನ್ನು ಕಮಾನಿನಿಂದ ನುಡಿಸುತ್ತಾರೆ ಎಂದು ತಿಳಿಸುತ್ತದೆ. ಲೋಕದ ಸಂಗ್ರಹಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಮುಖ್ಯವಾಗಿ ಇದೇ ಪದ್ಧತಿ.

ತಂತಿಯ ಮನೆತನದಿಂದ ಶುರುಮಾಡಬಹುದು. ತಂತಿಯ ಸ್ವರ ಮೂರು ಸಂಗತಿಗಳಿಗೆ ಕಟ್ಟುಬಿದ್ದಿದೆ: ಉದ್ದ, ಬಿಗಿತ, ತೂಕ. ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಬಿಗಿತವನ್ನು ಹೆಚ್ಚಿಸಿಯೇ ಅದೇ ಸ್ಥಾಯಿಗೆ ಏರಿಸಬೇಕೆಂದರೆ ನಾಲ್ಕು ಪಟ್ಟು ಬಿಗಿಯಬೇಕು. ತಂತಿ ದಪ್ಪವಾಗಿ ಭಾರವಾದಷ್ಟೂ ಸ್ವರ ಕೆಳಗಿಳಿಯುತ್ತದೆ. ಆದರೆ ತಂತಿ ತಾನೊಂದೇ ನಡುಗಿದರೆ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸದು; ಅಷ್ಟು ತೆಳ್ಳಗಿನ ವಸ್ತುವಿಗೆ ಹೆಚ್ಚು ಗಾಳಿಯನ್ನು ತಳ್ಳುವ ಶಕ್ತಿಯಿಲ್ಲ. ಆ ಕೆಲಸಕ್ಕೇ ವೀಣೆಗೆ ಕುಡ, ಪಿಟೀಲಿಗೆ ಪೆಟ್ಟಿಗೆ, ಏಕತಾರಿಗೆ ಸೋರೆಬುರುಡೆ ಬೇಕಾದದ್ದು.

ದಕ್ಷಿಣದ ವೀಣೆ ಹಲಸಿನ ಮರದ್ದು. ಕುಡ, ದಂಡಿ ಎಲ್ಲವನ್ನೂ ಒಂದೇ ಮರದಲ್ಲಿ ಕೊರೆದು ತೆಗೆದರೆ ಅದು ಏಕಾಂಡ ವೀಣೆ. ದಂಡಿಯ ಮೇಲೆ 24 ಲೋಹದ ಮೆಟ್ಟಿಲುಗಳು, ಎಂದರೆ ಸ್ಥಾಯಿಗೆ 12ರಂತೆ ಎರಡು ಸ್ಥಾಯಿ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಪಾಕದಲ್ಲಿ ಅವನ್ನು ಕೂರಿಸುವ ಕೆಲಸಕ್ಕೆ ಮೇಳ ಕಟ್ಟುವುದು ಎಂದು ಹೆಸರು. ಮೇಣ ಸೆಕೆಗೆ ಮೆತ್ತಗಾಗುತ್ತದೆ, ವರ್ಷಗಳು ಕಳೆದಂತೆ ಜರುಗುತ್ತದೆ. ಆಗ ಮೇಳವನ್ನು ಹೊಸದಾಗಿ ಕಟ್ಟಬೇಕು. ಒಂದೊಂದು ಮೆಟ್ಟಿಲನ್ನೂ ಕೂದಲೆಳೆಯಷ್ಟು ಆಚೀಚೆ ಸರಿಸುತ್ತ, ಮೀಟಿ ಕೇಳುತ್ತ ಕೂರಿಸುವ ಈ ಕೆಲಸಕ್ಕೆ ಅಳತೆಗೋಲು ಸಾಲದು, ಕಿವಿಯೇ ಆಗಬೇಕು. ಮೆಟ್ಟಿಲುಗಳ ಮೇಲೆ ಹಾಯುವ ತಂತಿಗಳು ನಾಲ್ಕು, ಪಕ್ಕದಲ್ಲಿ ಶ್ರುತಿಗೂ ತಾಳಕ್ಕೂ ಮೀಟುವ ತಂತಿಗಳು ಮೂರು. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಬಿಗಿತ ಹೆಚ್ಚಿ ಸ್ವರ ಏರುತ್ತದೆ. ವೀಣೆಯ ಗಮಕದ ಜೀವ ಇರುವುದು ಈ ಎಳೆತದಲ್ಲಿ.

ವೀಣೆಯ ಕುದುರೆಯನ್ನೂ ಗಮನಿಸಬೇಕು. ಪಿಟೀಲಿನ ಕುದುರೆಯಂತೆ ಅದರ ಅಂಚು ಚೂಪಾಗಿಲ್ಲ. ಅಗಲವಾಗಿ, ತುಸು ಬಾಗಿದ ಲೋಹದ ಹಾಳೆ ಹೊದ್ದಿದೆ. ನಡುಗುವ ತಂತಿ ಆ ಬಾಗಿದ ಮೈಯನ್ನು ಮತ್ತೆ ಮತ್ತೆ ಸವರಿ ಏಳುತ್ತದೆ. ಚೂಪಾದ ಕುದುರೆಯಿದ್ದಾಗ, ತಂತಿಯನ್ನು ಎಲ್ಲಿ ಮೀಟುತ್ತೇವೋ ಅಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲ ಎಂಬುದು ಭೌತಶಾಸ್ತ್ರದ ಹಳೆಯ ನಿಯಮ. ವೀಣೆ, ತಂಬೂರಿಗಳು ಈ ನಿಯಮಕ್ಕೆ ಒಳಪಡುವುದಿಲ್ಲ, ಆ ಉಪಸ್ವರಗಳೂ ಇಲ್ಲಿ ಗಟ್ಟಿಯಾಗಿ ಕೇಳುತ್ತವೆ ಎಂದು ಸಿ. ವಿ. ರಾಮನ್ 1921ರಲ್ಲಿ ತೋರಿಸಿಕೊಟ್ಟರು. ತಂಬೂರಿಯಲ್ಲಿ ತಂತಿಗೂ ಕುದುರೆಗೂ ನಡುವೆ ಒಂದೆಳೆ ದಾರ ಸಿಕ್ಕಿಸುತ್ತಾರೆ. ಅದನ್ನು ಹಿಂದೆ ಮುಂದೆ ಸರಿಸಿ ಸರಿಯಾದ ಜಾಗ ಸಿಕ್ಕಿದ ಕ್ಷಣ, ಬಡಕಲಾಗಿದ್ದ ದನಿ ತುಂಬಿಕೊಂಡು ಝೇಂಕರಿಸುತ್ತದೆ. ಆ ದಾರವನ್ನು ಜೀವ ಎಂದು ಕರೆದವರು ಸರಿಯಾಗಿಯೇ ಕರೆದಿದ್ದಾರೆ.

ತಂತಿಯನ್ನು ಬೆರಳಿನಿಂದಲೇ ಮೀಟಬೇಕೆಂದಿಲ್ಲ. ಪಿಟೀಲು, ಸಾರಂಗಿಗಳಿಗೆ ಕಮಾನು; ಸಂತೂರಿಗೆ ಕಡ್ಡಿಯ ಪೆಟ್ಟು. ಪಿಯಾನೊದಲ್ಲಿ ಮನೆ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ, ಆದ್ದರಿಂದ ಅದೂ ತತವಾದ್ಯವೇ. ಗುಪ್ತರ ಸಮುದ್ರಗುಪ್ತ ತನ್ನ ನಾಣ್ಯದಲ್ಲಿ ನುಡಿಸುತ್ತ ಕೂತಿರುವ ವೀಣೆಗೆ ಮೆಟ್ಟಿಲುಗಳಿಲ್ಲ. ಬಿಲ್ಲಿನಂತೆ ಬಾಗಿದ ದಂಡಿ, ಸ್ವರಕ್ಕೊಂದು ತಂತಿ. ಹಳೆಯ ಶಿಲ್ಪಗಳಲ್ಲಿ ಕಾಣುವ ವೀಣೆಗಳಲ್ಲಿ ಈ ಬಗೆಯವು ಬಹಳ. ಯುರೋಪಿನಿಂದ ಬಂದ ಪಿಟೀಲು 19ನೆಯ ಶತಮಾನದ ಮೊದಲ ಭಾಗದಲ್ಲೇ ಕರ್ನಾಟಕ ಸಂಗೀತಕ್ಕೆ ಒಗ್ಗಿಕೊಂಡಿತು. ತಿರುಮಕೂಡಲಿನಲ್ಲಿ ಹುಟ್ಟಿದ ಟಿ. ಚೌಡಯ್ಯ ಅದರ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಧ್ವನಿವರ್ಧಕ ಬಳಕೆಗೆ ಬರದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂಬುದು ಅವರ ಹಂಬಲ. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿರುವ ಸಭಾಭವನ ಪಿಟೀಲಿನ ಆಕಾರದಲ್ಲೇ ಕಟ್ಟಿದ್ದು.

ಚರ್ಮವಾದ್ಯಗಳ ಬಳಗ ಕರ್ನಾಟಕದಲ್ಲಿ ಬಹು ದೊಡ್ಡದು: ಬೀರೇಶ್ವರನ ಆರಾಧನೆಯ ಡೊಳ್ಳು, ದೇವಸ್ಥಾನದ ನಗಾರಿ, ಜಾತ್ರೆಯ ತಮಟೆ ಮತ್ತು ಹಲಗೆ, ಗೊರವರ ಡಮರು, ಯಕ್ಷಗಾನದ ಚಂಡೆ ಮದ್ದಳೆ, ಕಚೇರಿಯ ಮೃದಂಗ, ತಬಲಾ. ಚರ್ಮಕ್ಕೆ ತೇವ ಆಗದು. ತೇವ ಕುಡಿದರೆ ಸಡಿಲವಾಗಿ ದನಿ ಇಳಿಯುತ್ತದೆ. ಅದಕ್ಕೇ ತಮಟೆಯವರು ಬಡಿಯುವ ಮುಂಚೆ ಒಣಹುಲ್ಲಿನ ಬೆಂಕಿ ಮಾಡಿ ಚರ್ಮವನ್ನು ಕಾಯಿಸುತ್ತಾರೆ. ಬೆಂಕಿಯ ಮುಂದೆ ಹಿಡಿದು, ತಿರುಗಿಸಿ, ಬೆರಳಿನಿಂದ ತಟ್ಟಿ ಕೇಳಿ, ಸಾಲದಿದ್ದರೆ ಮತ್ತೆ ಹಿಡಿಯುತ್ತಾರೆ. ಕಾದ ಚರ್ಮ ಬಿಗಿದುಕೊಂಡು ದನಿ ಖಣಿ ಖಣಿ ಏಳುತ್ತದೆ.

ತಮಟೆಯ ಏಟು ಊರಿಗೆಲ್ಲ ಕೇಳುತ್ತದಾದರೂ ಅದನ್ನು ಷಡ್ಜಕ್ಕೋ ಪಂಚಮಕ್ಕೋ ಹಿಡಿದು ಕೂರಿಸಲಾಗುವುದಿಲ್ಲ. ಕಾರಣ ಚರ್ಮದ ಸ್ವಭಾವದಲ್ಲೇ ಇದೆ. ತಂತಿಯ ಉಪಸ್ವರಗಳು ಮೂಲಸ್ವರದ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಂದು ಪೂರ್ಣಸಂಖ್ಯೆಯಲ್ಲಿ ಏರುವುದರಿಂದ ಕಿವಿ ಅವನ್ನೆಲ್ಲ ಒಂದೇ ಸ್ವರವೆಂದು ಸ್ವೀಕರಿಸುತ್ತದೆ. ವೃತ್ತಾಕಾರದಲ್ಲಿ ಬಿಗಿದ ಬರಿಯ ಚರ್ಮದ ಉಪಸ್ವರಗಳು 1.59, 2.14, 2.30 ಪಟ್ಟು ಎಂದು ಅಡ್ಡಾದಿಡ್ಡಿ ಏರುತ್ತವೆ. ಅವು ಒಂದಕ್ಕೊಂದು ಬೆರೆಯುವುದಿಲ್ಲ.

ಮೃದಂಗ ಈ ಸ್ವಭಾವವನ್ನೇ ಬದಲಿಸಿದ ವಾದ್ಯ. ಅದರ ಬಲಮುಖದ ನಡುವೆ ಕಾಣುವ ಕಪ್ಪು ವೃತ್ತ ಕರಣೆ. ಕಿಟ್ಟದ ಕಲ್ಲಿನ ನುಣ್ಣನೆಯ ಪುಡಿಯನ್ನು ಅನ್ನದೊಂದಿಗೆ ಅರೆದು, ಒಂದು ತೆಳು ಪದರ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜಿ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ ಹಚ್ಚಿ, ಹೀಗೆ ನಡುವೆ ದಪ್ಪವಾಗಿ ಅಂಚಿಗೆ ತೆಳ್ಳಗಾಗುವಂತೆ ಕಟ್ಟುತ್ತಾರೆ. ಈ ಭಾರದಿಂದ ಉಪಸ್ವರಗಳು ಸ್ಥಾನ ಬದಲಿಸಿ ಪೂರ್ಣಸಂಖ್ಯೆಯ ಸಾಲಿಗೆ ಬರುತ್ತವೆ. 1920ರಲ್ಲಿ ರಾಮನ್ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ನೇಚರ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಬೆಂಗಳೂರಿಗೆ ಬಂದು ನೆಲೆಸಿದ ಮೇಲೆ 1930ರ ದಶಕದಲ್ಲಿ ಮತ್ತೆ ವಿಸ್ತಾರವಾಗಿ ಬರೆದರು. ಚರ್ಮದ ಮೊದಲ ಒಂಬತ್ತು ಬಗೆಯ ಕಂಪನಗಳು ಗುಂಪುಗೂಡಿ ಐದೇ ಸ್ವರಗಳಾಗಿ ನಿಲ್ಲುತ್ತವೆ, ಆ ಐದೂ ಕ್ರಮವಾದ ಶ್ರೇಣಿಯಲ್ಲಿವೆ ಎಂಬುದು ಅವರ ನಿರ್ಣಯ. ಸಮೀಕರಣಗಳ ಗೊಡವೆಯೇ ಇಲ್ಲದೆ, ತಟ್ಟಿ ಕೇಳಿ, ಉಜ್ಜಿ ಕೇಳಿ ಈ ಫಲವನ್ನು ಸಾಧಿಸಿದ ಹೆಸರಿಲ್ಲದ ಕುಶಲಕರ್ಮಿಗಳನ್ನು ವಿಜ್ಞಾನಿಗಳ ಸಾಲಿನಲ್ಲೇ ನಿಲ್ಲಿಸಬೇಕು. ಎಡಮುಖಕ್ಕೆ ಕಚೇರಿಯ ಮುಂಚೆ ಕಲಸಿದ ರವೆಯನ್ನು ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಅದು ಮಂದ್ರದ ಗುಮಕಿಗಾಗಿ.

ಸುಷಿರ ವಾದ್ಯಗಳಲ್ಲಿ ಗಾಳಿಯನ್ನು ನಡುಗಿಸುವ ದಾರಿಗಳು ಮುಖ್ಯವಾಗಿ ಮೂರು. ಕೊಳಲಿನಲ್ಲಿ ತುಟಿಯಿಂದ ಹೊರಟ ಉಸಿರು ರಂಧ್ರದ ಎದುರಂಚಿಗೆ ತಾಗಿ ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಹೊಯ್ದಾಡುತ್ತದೆ. ಕೊಂಬು, ಕಹಳೆ, ಶಂಖಗಳಲ್ಲಿ ಊದುವವರ ತುಟಿಗಳೇ ಅದುರುತ್ತವೆ. ನಾಗಸ್ವರ, ಶಹನಾಯಿ, ಉತ್ತರ ಕರ್ನಾಟಕದ ಸನಾದಿಗಳಲ್ಲಿ ಬಾಯೊಳಗಿಡುವ ಜೋಡಿ ಪೀಪಿಯ ಎಸಳುಗಳು ತೆರೆದು ಮುಚ್ಚಿ ಗಾಳಿಯನ್ನು ತುಂಡರಿಸುತ್ತವೆ. ಮದುವೆಮನೆಯ ಓಲಗ ಈ ಮೂರನೆಯ ಬಗೆಯದು. 1977ರ ಸನಾದಿ ಅಪ್ಪಣ್ಣ ಚಿತ್ರದಲ್ಲಿ ಕನ್ನಡಿಗರು ಕೇಳಿದ ಸನಾದಿಯ ನಾದ ಶಹನಾಯಿಯ ಬಿಸ್ಮಿಲ್ಲಾ ಖಾನರದು. ಬೆರಳಿನ ರಂಧ್ರಗಳು ಇರುವ ಕಡೆಯಲ್ಲೆಲ್ಲ ಅವು ಮಾಡುವ ಕೆಲಸ ಒಂದೇ: ಒಳಗಿನ ಗಾಳಿಯ ಕಂಬವನ್ನು ಉದ್ದ ಗಿಡ್ಡ ಮಾಡುವುದು.

ಅಡೋಲ್ಫ್ ಸಾಕ್ಸ್ ಎಂಬ ಬೆಲ್ಜಿಯಂ ಕುಶಲಕರ್ಮಿ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನು ಮಿಲಿಟರಿ ಬ್ಯಾಂಡುಗಳಿಂದ ಜಾಜ್ ಸಂಗೀತಕ್ಕೆ ಹೋಗಿ ಹೆಸರಾಯಿತು. ಅದರ ಪೀಪಿ ಒಂಟಿ ಎಸಳಿನದು, ಮೈ ಹಿತ್ತಾಳೆ. ಆದರೂ ಒಂದು ಮುಖ್ಯ ವಿಷಯದಲ್ಲಿ ಅದು ನಾಗಸ್ವರದ ಹತ್ತಿರದ ನೆಂಟ: ಎರಡರ ಕೊಳವೆಯೂ ಬಾಯಿಯ ಕಡೆ ಸಣ್ಣಗೆ ಶುರುವಾಗಿ ಕೆಳಕ್ಕೆ ಅಗಲವಾಗುತ್ತ ಹೋಗುತ್ತದೆ. ದಕ್ಷಿಣ ಕನ್ನಡದ ನಾಗಸ್ವರ ವಿದ್ವಾಂಸರೊಬ್ಬರ ಮಗ ಕದ್ರಿ ಗೋಪಾಲನಾಥ್ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮರುಳಾದರು. ಕೀಲಿ ಒತ್ತಿ ನುಡಿಸುವ ವಾದ್ಯದಲ್ಲಿ ಗಮಕ ಹೊರಡಿಸುವುದು ಸುಲಭವಲ್ಲ. ಅವರು ವಾದ್ಯವನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡು, ವರ್ಷಗಟ್ಟಲೆ ಸಾಧನೆ ಮಾಡಿ, ಅದನ್ನು ಕರ್ನಾಟಕ ಸಂಗೀತದ ಕಚೇರಿಯ ವಾದ್ಯವನ್ನಾಗಿ ಮಾಡಿದರು.

ಹಾರ್ಮೋನಿಯಂ ಪಿಯಾನೊದ ತಮ್ಮನಂತೆ ಕಂಡರೂ ಅದರಲ್ಲಿ ತಂತಿಯಿಲ್ಲ. ತಿದಿಯ ಗಾಳಿ ತೆಳುವಾದ ಹಿತ್ತಾಳೆ ನಾಲಿಗೆಗಳನ್ನು ಅದುರಿಸುವುದರಿಂದ ಅದು ಸುಷಿರದ ಬಳಗ. 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡು ಇಲ್ಲಿಗೆ ಬಂದು, ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯಾಗಿ ಮನೆಮನೆ ಸೇರಿತು. ನಾಟಕ ಕಂಪನಿಗಳಲ್ಲಿ ಲೆಗ್ ಹಾರ್ಮೋನಿಯಂ ರಾಜನಾಯಿತು. ಸ್ವರದಿಂದ ಸ್ವರಕ್ಕೆ ಜಾರಲು ಅದರಲ್ಲಿ ದಾರಿಯಿಲ್ಲ ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದನ್ನು ದೂರವಿಟ್ಟಿತು. 1971ರವರೆಗೂ ಆ ನಿಷೇಧ ನಡೆಯಿತು. ಇಂದು ಹಿಂದೂಸ್ತಾನಿ ಗಾಯಕರ ಪಕ್ಕದಲ್ಲಿ ಅದಿಲ್ಲದ ಕಚೇರಿ ಅಪರೂಪ.

ಘನವಾದ್ಯಗಳು ಎಲ್ಲಕ್ಕಿಂತ ಸರಳ, ಬಹುಶಃ ಎಲ್ಲಕ್ಕಿಂತ ಹಳೆಯವೂ ಹೌದು. ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಲ್ಲಿ ನವಶಿಲಾಯುಗದ ನೆಲೆಗಳಿವೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂಥ ನಾದ ಹೊರಡುತ್ತದೆ. ಮತ್ತೆ ಮತ್ತೆ ತಟ್ಟಿದ್ದರಿಂದ ಬಿದ್ದ ಗುಳಿಗಳು ಬಂಡೆಗಳ ಮೇಲೆ ಇವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾಸಮಾಧಿಗಳ ಬಳಿ ನಗಾರಿಯ ಆಕಾರದ ದೊಡ್ಡ ಗುಂಡೊಂದಿದೆ. ಹಂಪಿಯ ವಿಜಯವಿಠ್ಠಲ ದೇವಾಲಯದ ಕಂಬಗಳು ಇದೇ ಕಲ್ಲಿನ ಗುಣವನ್ನು ಶಿಲ್ಪಿಗಳು ಬೇಕೆಂದೇ ದುಡಿಸಿಕೊಂಡ ಕೆಲಸ. ಕಂಚಿಗೆ ಬಂದರೆ ಜಾಗಟೆ, ತಾಳ, ಗೆಜ್ಜೆ, ಮಲೆ ಮಹದೇಶ್ವರನ ಗುಡ್ಡರ ಕಂಸಾಳೆ. ಕಂಸಾಳೆಯ ಎರಡು ಭಾಗಗಳು ಒಂದೇ ತೆರನಲ್ಲ: ಒಂದು ಬಟ್ಟಲಿನಂತೆ ಗುಳಿಯಾದದ್ದು, ಇನ್ನೊಂದು ಚಪ್ಪಟೆ. ಕುಣಿಯುತ್ತ ಬೀಸಿ ತಾಗಿಸುವಾಗ ಅವೆರಡೂ ಎಲ್ಲಿ ಕೂಡುತ್ತವೆ ಎಂಬುದರ ಮೇಲೆ ದನಿ ಬದಲಾಗುತ್ತದೆ.

ಘಟ, ಮೋರ್ಸಿಂಗ್‌ಗಳನ್ನು ಮೃದಂಗದ ಜೊತೆಯಲ್ಲಿ ಕೇಳಿ ಕೇಳಿ ಅವೂ ಅದೇ ಜಾತಿಯವೆಂದು ಅನಿಸುವುದುಂಟು. ಎರಡರಲ್ಲೂ ಚರ್ಮವಿಲ್ಲ. ಘಟದ ಸುಟ್ಟ ಮಣ್ಣಿನ ಗೋಡೆ, ಮೋರ್ಸಿಂಗಿನ ಉಕ್ಕಿನ ನಾಲಿಗೆ ತಾವೇ ಕಂಪಿಸುವುದರಿಂದ ಎರಡೂ ಘನವಾದ್ಯಗಳು. ಜಲತರಂಗದ ವಿಷಯ ಇನ್ನೂ ಸ್ವಾರಸ್ಯದ್ದು. ಅಲ್ಲಿ ನಡುಗುವುದು ಪಿಂಗಾಣಿ ಬಟ್ಟಲು, ನೀರು ಅದಕ್ಕೆ ಭಾರ ಮಾತ್ರ. ಮನೆಯಲ್ಲೇ ಒಂದು ಗಾಜಿನ ಬಾಟಲಿಯಿಂದ ಇದನ್ನು ಪರೀಕ್ಷಿಸಬಹುದು. ಬಾಟಲಿಯನ್ನು ಚಮಚದಿಂದ ತಟ್ಟುತ್ತ ನೀರು ತುಂಬಿದರೆ ಭಾರ ಹೆಚ್ಚಿ ಸ್ವರ ಇಳಿಯುತ್ತದೆ. ಅದೇ ಬಾಟಲಿಯ ಬಾಯಿಗೆ ಅಡ್ಡವಾಗಿ ಊದುತ್ತ ನೀರು ತುಂಬಿದರೆ ಗಾಳಿಯ ಜಾಗ ಕಿರಿದಾಗಿ ಸ್ವರ ಏರುತ್ತದೆ. ತಟ್ಟಿದಾಗ ಅದು ಘನ, ಊದಿದಾಗ ಸುಷಿರ.

ಯಾವ ವಿಂಗಡಣೆಗೂ ಪೂರ್ತಿ ಬಗ್ಗದ ವಾದ್ಯಗಳಿವೆ. ಖಂಜಿರದ ಚೌಕಟ್ಟಿಗೆ ಉಡದ ಚರ್ಮ ಬಿಗಿಯುತ್ತಿದ್ದರು (ಉಡ ಸಂರಕ್ಷಿತ ಪ್ರಾಣಿಯಾದ್ದರಿಂದ ಈಗ ಅದಕ್ಕೆ ಅವಕಾಶವಿಲ್ಲ, ಬೇರೆ ಚರ್ಮಗಳೂ ಸಿಂಥೆಟಿಕ್ ಹಾಳೆಗಳೂ ಬಂದಿವೆ). ಅದೇ ಚೌಕಟ್ಟಿನ ಸೀಳಿನಲ್ಲಿ ಲೋಹದ ಬಿಲ್ಲೆಗಳೂ ಝಣಗುಟ್ಟುತ್ತವೆ; ಒಂದೇ ಏಟಿಗೆ ಎರಡು ಮನೆತನಗಳ ದನಿ. ಎಲ್ಲಮ್ಮನ ಭಕ್ತರ ಚೌಡಿಕೆಯಂತೂ ವಿದ್ವಾಂಸರನ್ನು ದಶಕಗಳ ಕಾಲ ಇಕ್ಕಟ್ಟಿಗೆ ಸಿಕ್ಕಿಸಿದ ಬಗೆಯದು. ಕೊಳಗದಂಥ ಹೊಳವಿನ ತಳಕ್ಕೆ ಚರ್ಮ, ಆ ಚರ್ಮದ ನಡುವಿನಿಂದ ಹೊರಟ ತಂತಿ ಮೇಲಿನ ಕೋಲಿಗೆ ಬಿಗಿದಿದೆ. ಮೀಟುವುದು ತಂತಿಯನ್ನು, ದನಿ ಬರುವುದು ಚರ್ಮದಿಂದ. ಹಾರ್ನ್‌ಬೋಸ್ಟೆಲ್ ಮತ್ತು ಸಾಕ್ಸ್ ಇಂಥವನ್ನು ಮೀಟುವ ಚರ್ಮವಾದ್ಯಗಳೆಂದು ಬರೆದರು. ಮೊದಲು ನಡುಗುವುದು ತಂತಿ, ಚರ್ಮ ಅದರ ಅನುರಣಕ ಮಾತ್ರ, ಆದ್ದರಿಂದ ಇವು ತಂತಿವಾದ್ಯಗಳೇ ಎಂದು ಮುಂದಿನ ಸಂಶೋಧಕರು ವಾದಿಸಿದರು. ಈ ಎರಡನೆಯ ವಾದವೇ ಹೆಚ್ಚು ಸರಿ. ವೀಣೆಯ ಕುಡವನ್ನು ನೋಡಿ ಅದನ್ನು ಯಾರೂ ಘನವಾದ್ಯ ಎನ್ನುವುದಿಲ್ಲವಷ್ಟೇ.

ಐದನೆಯ ವರ್ಗವೊಂದನ್ನು ಕರ್ಟ್ ಸಾಕ್ಸ್ 1940ರಲ್ಲಿ ಸೇರಿಸಿದರು: ವಿದ್ಯುತ್ತಿನಿಂದ ನಾದ ಹುಟ್ಟಿಸುವ ವಾದ್ಯಗಳು. ಎಲೆಕ್ಟ್ರಿಕ್ ಗಿಟಾರಿನಲ್ಲಿ ನಡುಗುವುದು ಇನ್ನೂ ತಂತಿಯೇ; ಕೀಬೋರ್ಡಿನಲ್ಲಿ ಸ್ಪೀಕರಿನವರೆಗೆ ನಡುಗುವ ವಸ್ತುವೇ ಇಲ್ಲ. ಈ ಬದಲಾವಣೆಯನ್ನು ಯಕ್ಷಗಾನದ ಹಿಮ್ಮೇಳದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಲ್ಲಿ ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ ಬಂತು, ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಕಚೇರಿಗಳಲ್ಲೂ ತಂಬೂರಿ ಹಿಡಿದು ಕೂರುವವರ ಜಾಗಕ್ಕೆ ಬೆಂಗಳೂರಿನಲ್ಲೇ ತಯಾರಾದ ಎಲೆಕ್ಟ್ರಾನಿಕ್ ತಂಬೂರಿ ಬಂದು ಬಹಳ ಕಾಲವಾಯಿತು.

ಈ ಮನೆತನಗಳನ್ನು ಒಂದೆಡೆ ನೋಡಬೇಕೆನ್ನುವವರಿಗೆ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ನಾಡಿನ ಜನಪದ ವಾದ್ಯಗಳ ಸಂಗ್ರಹ ಅಲ್ಲಿದೆ. ಬೆಂಗಳೂರಿನ ಜೆ. ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗ್ರಹಾಲಯದಲ್ಲಿ ಭಾರತದ ನೂರಕ್ಕೂ ಹೆಚ್ಚು ವಾದ್ಯಗಳನ್ನು ಇಟ್ಟಿದ್ದಾರೆ. ಅದರ ಅಂಗಳದ ಸೌಂಡ್ ಗಾರ್ಡನ್‌ನಲ್ಲಿರುವ ವಾದ್ಯಗಳನ್ನು ಮಕ್ಕಳು ಕೈಯಾರೆ ತಟ್ಟಿ, ಬಡಿದು ಕೇಳಬಹುದು.